ಹುರುಳಿ, ಕಡಲೆ ಮತ್ತು ಬೆಂಗಳೂರು ಕೋಟೆಯ ಹದಿನೇಳು ದಿನ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಬಗ್ಗು, ಮತ್ತೆ ರಿಲೀಸು. ಇದು ಎಲ್ಲರಿಗೂ ಹೇಳುವ ಕಾರಣ. ನಿಜವಾದ ಕಾರಣ ಬೇರೆ ಇದೆ. ಮೂರು ತಿಂಗಳಿಂದ ಅರೆಕೆರೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಯುದ್ಧ ನಡೆಯುತ್ತಿದೆ. ಊಟ ಮಾಡುವವರೆಲ್ಲ ತಟ್ಟೆ ಹಿಡಿದು ಟಿವಿ ಮುಂದೆ ಕೂರುತ್ತಿದ್ದಾರೆ. ಅಮ್ಮನ ಸಹನೆ ಮುಗಿಯುವ ಮೊದಲು ಇದರ ಬಗ್ಗೆ ಬರೆದುಬಿಡೋಣ ಅಂತ ಕೂತಿದ್ದೇನೆ :)

ಯುದ್ಧ ಯಾವುದು ಅಂತೀರಾ? 1791ರ ಮಾರ್ಚ್ ತಿಂಗಳಲ್ಲಿ ನಮ್ಮ ಬೆಂಗಳೂರು ಕೋಟೆಗೆ ಬಿದ್ದ ಮುತ್ತಿಗೆ. ಮೂರನೇ ಮೈಸೂರು ಯುದ್ಧ ಅಂತ ಹೈಸ್ಕೂಲಿನಲ್ಲಿ ಎರಡು ಮಾರ್ಕಿನ ಪ್ರಶ್ನೆಯಾಗಿ ಬರುತ್ತಿತ್ತಲ್ಲ, ಅದರ ನಡುವಿನ ಒಂದು ಅಧ್ಯಾಯ. "ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ವಶಪಡಿಸಿಕೊಂಡನು" ಅಂತ ಒಂದೇ ಸಾಲಿನಲ್ಲಿ ಮುಗಿಸಿ ನಾವು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಆ ಒಂದು ಸಾಲಿನ ಒಳಗೆ ಹದಿನೇಳು ದಿನಗಳಿವೆ ಅಂತ ನನಗೆ ಗೊತ್ತಾಗಿದ್ದು ಅದನ್ನು ಆಟವಾಗಿ ಆಡಿದ ಮೇಲೆ.

ಮೊದಲು ಆಟದ ವಿಷಯ. ಮೇಜಿನ ಮೇಲೆ ನಕ್ಷೆ ಹರವಿ, ಪಡೆಗಳನ್ನು ಕಾಯಿಗಳಾಗಿ ಇಟ್ಟು, ದಾಳ ಹಾಕಿ ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹುಚ್ಚು ಯುರೋಪು ಅಮೆರಿಕಾಗಳಲ್ಲಿ ಹಳೆಯದು. ಪ್ರಷ್ಯಾದ ರೈಸ್ವಿಟ್ಸ್ ಎಂಬಾತ 1812ರಲ್ಲಿ ಇಂಥದ್ದೊಂದು ಆಟವನ್ನು ತನ್ನ ರಾಜನಿಗೆ ತೋರಿಸಿದ್ದ. ಅವನ ಮಗ 1824ರಲ್ಲಿ ಅದಕ್ಕೆ ಸರಿಯಾದ ನಿಯಮಗಳನ್ನು ಬರೆದು ಅಚ್ಚು ಹಾಕಿಸಿದ, ಪ್ರಷ್ಯಾದ ಸೈನ್ಯ ಅದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. ವಿಜ್ಞಾನ ಕತೆಗಳ ಎಚ್.ಜಿ.ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆಂದೇ ಒಂದು ಪುಸ್ತಕ ಬರೆದ. 1954ರಲ್ಲಿ ಅಮೆರಿಕಾದ ಚಾರ್ಲ್ಸ್ ರಾಬರ್ಟ್ಸ್ ಇದನ್ನು ಡಬ್ಬಿಯಲ್ಲಿ ಹಾಕಿ ಮಾರುವ ಬೋರ್ಡ್ ಆಟ ಮಾಡಿದ. ಈ ಆಟಗಾರರಿಗೆ ಬಹಳ ಇಷ್ಟವಾದದ್ದು ಗಡಿಯ ಕೋಟೆಯೊಂದನ್ನು ಕೈಲಾದಷ್ಟು ಹೊತ್ತು ಹಿಡಿದು ನಿಲ್ಲುವ ಸನ್ನಿವೇಶ. ಯಾಕೆಂದರೆ ಅಲ್ಲಿ ಎರಡೂ ಕಡೆ ಸಮ ಇಲ್ಲ. ನಮ್ಮ ಹುಲಿ-ಕುರಿ ಆಟ ನೆನಪಿದೆಯಾ? ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಗೀರಿರುತ್ತಾರಲ್ಲ. ಅಲ್ಲೂ ಎರಡು ಕಡೆ ಕಾಯಿಗಳು ಬೇರೆ, ಶಕ್ತಿ ಬೇರೆ, ಗೆಲ್ಲುವ ಲೆಕ್ಕ ಬೇರೆ. ಇದೂ ಅದೇ ಜಾತಿ.

ಆ ಡಬ್ಬಿಗಳಿಗೆ ಇಲ್ಲಿ ಕೊಡಬೇಕಾದ ದುಡ್ಡು ನೋಡಿ, ನಾವೇ ಮಾಡಿಕೊಳ್ಳೋಣ ಅಂತ ಭಾವ (ಸೋದರತ್ತೆಯ ಮಗ, ಬ್ಯಾಂಕಿನಲ್ಲಿ ಕೆಲಸ) ಹೇಳಿದರು. 1791ರ ಮುತ್ತಿಗೆಯ ನಕ್ಷೆಯೊಂದಿದೆ, ಕಂಪನಿಯಲ್ಲಿದ್ದ ಫ್ರೆಂಚ್ ಮೂಲದ ಅಧಿಕಾರಿ ಕ್ಲಾಡ್ ಮಾರ್ಟಿನ್ ಹೆಸರಿನಲ್ಲಿ. ಅದನ್ನು ಇಟ್ಟುಕೊಂಡು ನಾನು ಒಂದು ಚಿಕ್ಕ ಪ್ರೋಗ್ರಾಮ್ ಬರೆದು ಆರು ಮೂಲೆಯ ಮನೆಗಳನ್ನು ಪ್ರಿಂಟ್ ಹಾಕಿದೆ. ಬ್ರಿಟಿಷರಿಗೆ ಹುರುಳಿಕಾಳು, ಮೈಸೂರಿನವರಿಗೆ ಕಡಲೆಕಾಳು. ದಾಳದ ಬದಲು ಅಜ್ಜಿಯ ಚೌಕಾಬಾರದ ನಾಲ್ಕು ಕವಡೆ. ಕವಡೆಯ ಲೆಕ್ಕ ಎಂಜಿನಿಯರ್‌ಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆ ಅಂದುಕೊಂಡರೆ, ಬಾರ ಬೀಳುವುದು ಹದಿನಾರರಲ್ಲಿ ಒಂದು ಸಲ, ಎರಡು ಅಥವಾ ಹೆಚ್ಚು ಬೀಳುವುದು ಹದಿನಾರರಲ್ಲಿ ಹನ್ನೆರಡು ಸಲ. ಹಾಗಾಗಿ ನಿಯಮ ಸುಲಭ: ಗೋಡೆ ಗಟ್ಟಿ ಇದ್ದಾಗ ಏರಬೇಕಾದರೆ ಬಾರ ಬೀಳಬೇಕು, ಗೋಡೆ ಪೂರ್ತಿ ಒಡೆದು ಕಂಡಿ ಬಿದ್ದ ಮೇಲೆ ಎರಡು ಬಿದ್ದರೂ ಸಾಕು.

ಇನ್ನು ಇತಿಹಾಸ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ದಯವಿಟ್ಟು ಇಲ್ಲಿ ಬೇಡ. ಈ ಯುದ್ಧ ಶುರುವಾಗಿದ್ದೇ ಟಿಪ್ಪು ಇನ್ನೊಬ್ಬರ ಗಡಿಗೋಡೆಯ ಮೇಲೆ ಬಿದ್ದಾಗ. 1789ರ ಡಿಸೆಂಬರ್ ಕೊನೆಯಲ್ಲಿ ತಿರುವಾಂಕೂರಿನ ನೆಡುಂಕೋಟ್ಟೆಯ ಮೇಲೆ ದಾಳಿ ಮಾಡಿ ಪೆಟ್ಟು ತಿಂದು, 1790ರಲ್ಲಿ ಮತ್ತೆ ಬಂದು ಒಡೆದ. ತಿರುವಾಂಕೂರು ಕಂಪನಿಯ ಮಿತ್ರ ರಾಜ್ಯ, ಹಾಗಾಗಿ ಕಂಪನಿ ಯುದ್ಧಕ್ಕಿಳಿಯಿತು. ಮುಂದಿನ ವರ್ಷ ಗಡಿ ಕಾಯುವ ಸರದಿ ಮೈಸೂರಿನದು.

ಆಗಿನ ಮೈಸೂರಿಗೆ ಪೂರ್ವದ ಕಡೆ ಬೆಂಗಳೂರೇ ದೊಡ್ಡ ಬಾಗಿಲು. ಅದರ ಸುತ್ತ ಕೋಲಾರ, ಹೊಸಕೋಟೆ, ನಂದಿದುರ್ಗ, ಹೊಸೂರು, ರಾಯಕೋಟೆ, ಕೃಷ್ಣಗಿರಿ, ಸಾವನದುರ್ಗ ಅಂತ ಕೋಟೆಗಳ ಬೇಲಿ. ಈ ಬೇಲಿಯ ಆಚೆ ಕರ್ನಾಟಕ್ ಬಯಲು, ಮದ್ರಾಸು. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ವೆಲ್ಲೂರಿನಿಂದ ಹೊರಟ. ಆಂಬೂರಿನ ಕಡೆಯ ಕಣಿವೆಗಳಿಂದ ಹತ್ತುತ್ತಾನೆ ಎಂಬ ಸುದ್ದಿ ಹಬ್ಬಿಸಿ, ಉತ್ತರಕ್ಕೆ ತಿರುಗಿ ಚಿತ್ತೂರಿನ ಮೇಲಿಂದ ಮುಗಿಲಿ ಘಾಟಿ ಹತ್ತಿಬಿಟ್ಟ. ಅಲ್ಲಿ ತಡೆಯುವವರು ಯಾರೂ ಇರಲಿಲ್ಲ. ಕೋಲಾರ, ಹೊಸಕೋಟೆ ಸುಲಭವಾಗಿ ಬಿದ್ದವು. ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ಡೇರೆ.

ಇಲ್ಲಿಂದ ನಮ್ಮ ಆಟದ ಮೊದಲ ದಿನ.

ಆಗಿನ ಬೆಂಗಳೂರು ಎಂದರೆ ಎರಡು ಊರು. ಉತ್ತರಕ್ಕೆ ಪೇಟೆ: ನೇಕಾರರು, ವರ್ತಕರು, ಸುತ್ತ ಮುಳ್ಳಿನ ಬೇಲಿ, ಕಂದಕ, ಗೋಡೆ. ಅದಕ್ಕೆ ತಾಗಿದ ಹಾಗೆ ದಕ್ಷಿಣಕ್ಕೆ ಕೋಟೆ: ಮೊಟ್ಟೆಯ ಆಕಾರ, ಸುತ್ತಳತೆ ಸುಮಾರು ಒಂದು ಮೈಲಿ, ದುಂಡನೆಯ ಕೊತ್ತಲಗಳು. ಹಳೆಯ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ್ದ. ಪೇಟೆಯ ಕಡೆಗೆ ದಿಲ್ಲಿ ದರವಾಜೆ, ದಕ್ಷಿಣಕ್ಕೆ ಮೈಸೂರು ದರವಾಜೆ. ಈಗಿನ ಲೆಕ್ಕದಲ್ಲಿ ಹೇಳಬೇಕೆಂದರೆ ಕೆ.ಆರ್. ಮಾರುಕಟ್ಟೆ, ವಿಕ್ಟೋರಿಯಾ ಆಸ್ಪತ್ರೆ, ಕೋಟೆ ವೆಂಕಟರಮಣ ದೇವಸ್ಥಾನ, ಟಿಪ್ಪು ಅರಮನೆ ಇರುವ ಜಾಗ. ಒಳಗೆ ಕಿಲ್ಲೇದಾರ ಬಹಾದೂರ್ ಖಾನ್. ವಯಸ್ಸು ಎಪ್ಪತ್ತರ ಹತ್ತಿರ, ಉದ್ದನೆಯ ಬಿಳಿ ಗಡ್ಡ ಅಂತ ಬ್ರಿಟಿಷರು ಬರೆದಿದ್ದಾರೆ. ಕೋಟೆಯೊಳಗೆ ಸುಮಾರು ಎಂಟು ಸಾವಿರ ಜನ ಅನ್ನುವುದೂ ಅವರದೇ ಲೆಕ್ಕ. ಎರಡೂ ಕಡೆಯ ಸಂಖ್ಯೆ ಬರೆದಿಟ್ಟವರು ಒಂದೇ ಕಡೆಯವರು ಎಂಬುದು ಕಾಳು ಎಣಿಸುವಾಗ ನೆನಪಿಟ್ಟುಕೊಳ್ಳಬೇಕಾದ ವಿಷಯ.

ಈ ಮುತ್ತಿಗೆಯ ವಿಚಿತ್ರ ಏನೆಂದರೆ, ಇದು ಪೂರ್ತಿ ಮುತ್ತಿಗೆಯೇ ಅಲ್ಲ. ಕೋಟೆಯನ್ನು ಸುತ್ತುವರಿಯುವಷ್ಟು ಜನ ಕಾರ್ನ್‌ವಾಲಿಸ್ ಬಳಿ ಇರಲಿಲ್ಲ. ದಕ್ಷಿಣದ ಬಾಗಿಲು ತೆರೆದೇ ಇತ್ತು. ಟಿಪ್ಪುವಿನ ಇಡೀ ಸೈನ್ಯ ಕೆಂಗೇರಿಯ ಕಡೆ ಬೀಡುಬಿಟ್ಟಿತ್ತು. ಕೋಟೆಯೊಳಗೆ ದಣಿದವರನ್ನು ಹೊರಗೆ ಕರೆದು ಹೊಸಬರನ್ನು ಒಳಗೆ ಕಳಿಸಬಹುದಿತ್ತು. ಅಂದರೆ ಕೋಟೆಗೆ ಮುತ್ತಿಗೆ ಹಾಕಿದವನನ್ನೇ ಇನ್ನೊಂದು ಸೈನ್ಯ ಕಾಯುತ್ತಾ ಕೂತಿದೆ. ಬ್ರಿಟಿಷರ ಕುದುರೆ, ಎತ್ತುಗಳಿಗೆ ಮೇವಿಲ್ಲ. ಹೊರಗೆ ಮೇವಿಗೆ ಹೋದರೆ ಮೈಸೂರಿನ ಸವಾರರು ಕತ್ತರಿಸುತ್ತಾರೆ. ದಿನವೂ ದನಗಳು ಸಾಯುತ್ತಿದ್ದವು. ತೋಪು ಎಳೆಯುವುದು ಎತ್ತು. ಎತ್ತು ಸತ್ತರೆ ತೋಪು ಅಲ್ಲೇ.

ಹಾಗಾಗಿ ನಮ್ಮ ಆಟದಲ್ಲಿ ಬ್ರಿಟಿಷರ ಪಕ್ಕ ಹದಿನಾಲ್ಕು ಬೆಂಕಿಕಡ್ಡಿ ಇಟ್ಟೆವು. ಒಂದು ಕಡ್ಡಿ ಎಂದರೆ ಒಂದು ದಿನದ ಮೇವು. ದಿನಕ್ಕೊಂದು ತೆಗೆಯಬೇಕು. ಪೇಟೆ ಹಿಡಿದರೆ ಅಲ್ಲಿ ಸಿಗುವ ಹುಲ್ಲು, ಕಾಳಿಗೆ ಐದು ಕಡ್ಡಿ ಹೆಚ್ಚು. ಒಟ್ಟು ಹತ್ತೊಂಬತ್ತು. ಮಾರ್ಚ್ 23ರ ಸಂಜೆ ಕಡ್ಡಿ ಮುಗಿಯುತ್ತದೆ. ಅಷ್ಟರವರೆಗೆ ಕೋಟೆ ನಿಂತಿದ್ದರೆ ಮೈಸೂರು ಗೆದ್ದ ಹಾಗೆ. ಈ ಸಂಖ್ಯೆಗಳು ನಮ್ಮ ಅಂದಾಜು, ಆದರೆ ಲೆಕ್ಕದ ಸ್ವರೂಪ ನಿಜವಾದದ್ದು.

ನಿಜದಲ್ಲಿ ನಡೆದದ್ದು ಹೀಗೆ. ಮಾರ್ಚ್ 6ರಂದು ಬ್ರಿಟಿಷ್ ಸವಾರರ ನಾಯಕ ಫ್ಲಾಯ್ಡ್ ಟಿಪ್ಪುವಿನ ಪಡೆಯ ಹಿಂಭಾಗ ಕಂಡು ಆಸೆಬಿದ್ದು ಮುನ್ನುಗ್ಗಿ, ಮುಖಕ್ಕೆ ಗುಂಡು ತಿಂದು ಹಿಂದಿರುಗಿದ. ಮಾರ್ಚ್ 7ರಂದು ಪೇಟೆಯ ಬಾಗಿಲಿಗೆ ದಾಳಿ. ಬಾಗಿಲಲ್ಲಿ ತೋಪಿನಿಂದ ಸಣ್ಣ ತೂತಾದಾಗ ಕುಳ್ಳಗಿದ್ದ ಒಬ್ಬ ಲೆಫ್ಟಿನೆಂಟ್‌ನನ್ನು ಎತ್ತಿ ಒಳಗೆ ತೂರಿಸಿದರಂತೆ. ಅಲ್ಲೇ ಕರ್ನಲ್ ಮೂರ್‌ಹೌಸ್ ಸತ್ತ. ರಾಬರ್ಟ್ ಹೋಮ್ ಎಂಬ ಕಲಾವಿದ ಆ ಸಾವಿನ ದೊಡ್ಡ ಚಿತ್ರ ಬರೆದಿದ್ದಾನೆ. ಅದೇ ದಿನ ಟಿಪ್ಪು ಪೇಟೆಯನ್ನು ಮತ್ತೆ ಹಿಡಿಯಲು ಪಡೆ ಕಳಿಸಿದ. ಬೀದಿ ಬೀದಿಯಲ್ಲಿ ಹೊಡೆದಾಟ. ಮೈಸೂರಿನವರು ಬಹಳ ಜನರನ್ನು ಕಳೆದುಕೊಂಡು ಹಿಂದೆ ಸರಿದರು. ಆಮೇಲೆ ಎರಡು ವಾರ ಕೋಟೆಗೋಡೆಯ ಮೇಲೆ ಫಿರಂಗಿ ಏಟು. ದಿಲ್ಲಿ ದರವಾಜೆಯ ಪಕ್ಕ ಕಂಡಿ ಬಿತ್ತು. ಮಾರ್ಚ್ 21ರ ರಾತ್ರಿ ಸುಮಾರು ಹನ್ನೊಂದು ಗಂಟೆಗೆ ಏಣಿ ಹೊತ್ತು ಏರಿದರು. ಮಧ್ಯರಾತ್ರಿ ಕಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಅವನ ಜೊತೆ ಸಾವಿರಕ್ಕೂ ಹೆಚ್ಚು ಜನ.

ಅಂದ ಹಾಗೆ ಆ ರಾತ್ರಿ ಬೆಳದಿಂಗಳಿತ್ತು ಎಂದು ಓದಿ, ಸುಮ್ಮನೆ ಲೆಕ್ಕ ಹಾಕಿ ನೋಡಿದೆ. 1791ರ ಏಪ್ರಿಲ್ 3ರಂದು ಸೂರ್ಯಗ್ರಹಣ, ಅಂದರೆ ಅಮಾವಾಸ್ಯೆ. ಮರುದಿನವೋ ಅದರ ಆಚೆಯೋ ಯುಗಾದಿ. ಹಿಂದಕ್ಕೆ ಎಣಿಸಿದರೆ ಕಾಮನ ಹುಣ್ಣಿಮೆ ಮಾರ್ಚ್ 19-20ರ ಸುಮಾರಿಗೆ. ಹುಣ್ಣಿಮೆ ಕಳೆದು ಒಂದೆರಡು ರಾತ್ರಿಯ ಚಂದ್ರ, ಹನ್ನೊಂದು ಗಂಟೆಗೆ ಆಕಾಶದಲ್ಲಿ ಚೆನ್ನಾಗಿಯೇ ಏರಿರುತ್ತಾನೆ. ಹೋಳಿ ಮುಗಿದ ಮರುದಿನಗಳಲ್ಲಿ ಬಿದ್ದ ಕೋಟೆ ಇದು.

ಈಗ ನಮ್ಮ ಆಟಗಳು. ಪ್ರತಿ ಸಲವೂ ಭಾವ ಬ್ರಿಟಿಷರು, ನಾನು ಮೈಸೂರು.

ಮೊದಲ ಆಟದಲ್ಲಿ ನನ್ನ ತಲೆಯಲ್ಲಿದ್ದದ್ದು ಸಿನಿಮಾ. ಕಡಲೆಕಾಳನ್ನೆಲ್ಲ ಕಂಡಿಯ ಹಿಂದೆ ರಾಶಿ ಹಾಕಿದೆ. ಭಾವ ಆತುರ ಪಡದೆ ಫಿರಂಗಿಯಿಂದ ಆ ರಾಶಿಯನ್ನೇ ಹೊಡೆದು ಹೊಡೆದು ಕರಗಿಸಿದರು. ಹದಿನಾರನೇ ದಿನ ಕೋಟೆ ಹೋಯಿತು.

"ಲೋ, ಕಡಲೆ ಹುರಿದ ಹಾಗೆ ಹುರಿದುಬಿಟ್ಟೆ ಕಣೋ" ಅಂದರು.

ಎರಡನೇ ಆಟದಲ್ಲಿ ರೋಷ. ಕೆಂಗೇರಿಯಿಂದ ಇಡೀ ಸೈನ್ಯ ತಂದು ಬ್ರಿಟಿಷರ ತೋಪುಗಳ ಮೇಲೆ ಬಿದ್ದೆ. ಬಯಲಿನಲ್ಲಿ ಎದುರುಬದುರು ನಿಂತು ಗುಂಡು ಹೊಡೆಯುವುದರಲ್ಲಿ ಕಂಪನಿಯ ಪಡೆಯನ್ನು ಮೀರಿಸುವುದು ಕಷ್ಟ. ಮಾರ್ಚ್ 7ರಂದು ಪೇಟೆಯಲ್ಲಿ ಆದದ್ದೇ ಮತ್ತೆ ಆಯಿತು. ಈ ಸಲ ಕೋಟೆಯ ಜೊತೆ ಸೈನ್ಯವೂ ಹೋಯಿತು. ಟಿಪ್ಪು ಯಾಕೆ ದೂರದಲ್ಲೇ ಕೂತಿದ್ದ, ಯಾಕೆ ಎಲ್ಲ ಪಣಕ್ಕಿಟ್ಟು ನುಗ್ಗಲಿಲ್ಲ ಅಂತ ಓದುವಾಗ ಸಿಟ್ಟು ಬಂದಿತ್ತು. ಆಡಿದ ಮೇಲೆ ಆ ಸಿಟ್ಟು ಹೋಯಿತು.

ಮೂರನೇ ಆಟದಲ್ಲಿ ಬುದ್ಧಿ ಬಂತು. ಕಂಡಿಯ ಹತ್ತಿರ ಸ್ವಲ್ಪವೇ ಜನ. ಮೈಸೂರು ದರವಾಜೆಯ ಒಳಗೆ ಹೊಸ ಪಡೆ ಸಿದ್ಧ. ಭಾವ ಏಣಿ ಹಾಕಿದ ತಕ್ಷಣ ಆ ಪಡೆಯನ್ನು ಕಂಡಿಗೆ ಓಡಿಸಿದೆ. ಕವಡೆಯಲ್ಲಿ ಒಂದು ಬಿತ್ತು! ಹುರುಳಿ ಕೆಳಗುರುಳಿತು. 22 ಆಯಿತು, 23 ಆಯಿತು, ಕಡ್ಡಿ ಮುಗಿಯಿತು. ಬೆಂಗಳೂರು ಉಳಿಯಿತು! ಇನ್ನೂರು ಮೂವತ್ತಕ್ಕೂ ಹೆಚ್ಚು ವರ್ಷ ತಡವಾಗಿ ನಾನು ಕಾರ್ನ್‌ವಾಲಿಸ್‌ನನ್ನು ಸೋಲಿಸಿದ್ದೆ. ಖಾರಾಬೂಂದಿ ತರಿಸಿ ಸಂಭ್ರಮಿಸಿದೆವು.

ರಾತ್ರಿ ಮಲಗಿದಾಗ ಒಂದು ಪ್ರಶ್ನೆ ಕೊರೆಯಲು ಶುರುವಾಯಿತು. ಇಷ್ಟು ಸುಲಭ ಇದ್ದರೆ ಅವರಿಗೆ ಯಾಕೆ ಹೊಳೆಯಲಿಲ್ಲ? ಮತ್ತೆ ಪುಸ್ತಕ ತೆಗೆದೆ. ಹೊಳೆದಿತ್ತು! ಆ ರಾತ್ರಿ ದಾಳಿ ಆಗಬಹುದು ಎಂಬ ಅನುಮಾನ ಟಿಪ್ಪುವಿಗೆ ಇತ್ತು, ಎಚ್ಚರವಾಗಿರಲು ಹೇಳಿಕಳಿಸಿದ್ದ, ನೆರವಿಗೆ ಪಡೆಯನ್ನೂ ಸಿದ್ಧ ಇಟ್ಟಿದ್ದ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರವರೆಗೆ ಪ್ರಕಟಿಸಿದ ಇತಿಹಾಸದ ಸಂಪುಟಗಳಲ್ಲಿ ಈ ಮುತ್ತಿಗೆಯ ವಿವರ ಓದಬಹುದು. ಆ ಪಡೆ ಹತ್ತಿರ ಬರುವ ಹೊತ್ತಿಗೆ ಗೋಡೆಯ ಮೇಲೆ ಬ್ರಿಟಿಷರಿದ್ದರು.

ನಮ್ಮಲ್ಲಿ ಕೋಟೆ ಬಿದ್ದ ಕತೆ ಎಂದರೆ ದ್ರೋಹದ ಕತೆ. ಶ್ರೀರಂಗಪಟ್ಟಣ ಎಂದರೆ ಮೀರ್ ಸಾದಿಕ್. ಊರೂರಿನ ಕೋಟೆಗೂ ಒಬ್ಬ ಬಾಗಿಲು ತೆರೆದವನು, ಒಬ್ಬ ಗುಟ್ಟು ಹೇಳಿದವನು ಇದ್ದೇ ಇರುತ್ತಾನೆ. ನಾನೂ ಆಟ ಶುರು ಮಾಡುವಾಗ ಒಂದು ದ್ರೋಹಿ ಕಾಯಿ ಇಡೋಣವಾ ಅಂತ ಯೋಚಿಸಿದ್ದೆ. ಆದರೆ ಮೂರನೇ ಆಟ ನಾನು ಗೆದ್ದದ್ದು ಯಾಕೆ? ದ್ರೋಹಿ ಇಲ್ಲದ್ದಕ್ಕಲ್ಲ. ನನ್ನ ಆಟದಲ್ಲಿ ಕಿಲ್ಲೇದಾರನೂ ಸುಲ್ತಾನನೂ ಒಂದೇ ತಲೆ. ಕಂಡಿಯ ಹತ್ತಿರ ಏಣಿ ಬಿದ್ದದ್ದು ಮೈಸೂರು ದರವಾಜೆಗೆ ಅದೇ ಕ್ಷಣದಲ್ಲಿ ಗೊತ್ತು, ಯಾಕೆಂದರೆ ಎರಡೂ ಕಡೆ ನಾನೇ. ಅವರಿಗೆ ಆ ಸೌಲಭ್ಯ ಇರಲಿಲ್ಲ. ನಡುವೆ ಒಬ್ಬ ಮನುಷ್ಯ ಓಡಬೇಕಿತ್ತು.

ಹಾಗಾಗಿ ನಾಲ್ಕನೇ ಆಟಕ್ಕೆ ನಿಯಮ ಬದಲಾಯಿಸಿದೆವು. ನಾನು ಬಹಾದೂರ್ ಖಾನ್, ಅಡುಗೆಮನೆಯಲ್ಲಿ. ಆಫೀಸಿನ ಮಂಡ್ಯದ ಗೆಳೆಯ ಸುಲ್ತಾನ, ಬಾಲ್ಕನಿಯಲ್ಲಿ. ಭಾವ ಮೇಜಿನ ಹತ್ತಿರ. ನನ್ನ ತಂಗಿ ಅಂಪೈರೂ ಹೌದು, ಹರಿಕಾರಳೂ ಹೌದು. ಚೀಟಿ ಬರೆದು ಕೊಟ್ಟರೆ ಅವಳು ಗಡಿಯಾರ ನೋಡಿ ಐದು ನಿಮಿಷ ಬಿಟ್ಟೇ ಮುಟ್ಟಿಸುತ್ತಾಳೆ. ಮೊಬೈಲ್ ಇಲ್ಲ, ಕೂಗುವ ಹಾಗಿಲ್ಲ. ನಕ್ಷೆ ನೋಡುವ ಹಾಗೂ ಇಲ್ಲ. ಅವಳು ಹೇಳಿದಷ್ಟೇ ನಮಗೆ ಗೊತ್ತು.

ಹದಿನೆಂಟನೇ ದಿನದ ರಾತ್ರಿ ಸುಲ್ತಾನನಿಂದ ಚೀಟಿ ಬಂತು: "ಇವತ್ತು ಏರಬಹುದು. ಎಚ್ಚರ." ನಾನು ಬರೆದೆ: "ಎಚ್ಚರವಾಗಿದ್ದೇವೆ. ಎಷ್ಟು ಜನ ಕಳಿಸುತ್ತೀರಿ? ಯಾವಾಗ?" ಚೀಟಿ ಹೋಯಿತು. ಅಡುಗೆಮನೆಯಲ್ಲಿ ಕುಕ್ಕರ್ ಪಕ್ಕ ನಿಂತು ಕಾದೆ. ಅಷ್ಟರಲ್ಲಿ ಮೇಜಿನ ಮೇಲೆ ಕವಡೆ ಬಿದ್ದ ಸದ್ದು. ತಂಗಿ ಬಂದು "ಅಣ್ಣಾ, ಏಣಿ ಹಾಕಿದಾರೆ, ಕಂಡಿ ಹೋಯ್ತು" ಅಂದಳು. ಅವಳ ಇನ್ನೊಂದು ಕೈಯಲ್ಲಿ ನನಗೆ ಬರಬೇಕಾಗಿದ್ದ ಉತ್ತರ ಇತ್ತು: "ಹೊರಟಿದ್ದೇವೆ."

ಆ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಯಾರ ದ್ರೋಹವೂ ಇಲ್ಲ, ಯಾರ ಹೇಡಿತನವೂ ಇಲ್ಲ. ಇಬ್ಬರೂ ಸರಿಯಾದದ್ದನ್ನೇ ಮಾಡಿದ್ದರು. ಐದು ನಿಮಿಷ ತಡ, ಅಷ್ಟೇ. ಇದು ಹೀಗೇ ಆಯಿತು ಎನ್ನುವುದಕ್ಕೆ ಆಟ ಪುರಾವೆಯಲ್ಲ. ಆದರೆ ಕೋಟೆ ಬೀಳುವುದಕ್ಕೆ ಒಬ್ಬ ದ್ರೋಹಿ ಬೇಕೇ ಬೇಕು ಅಂತೇನಿಲ್ಲ ಎಂಬುದನ್ನು ಅಡುಗೆಮನೆಯಲ್ಲಿ ನಿಂತು ಕಂಡುಕೊಂಡೆ.

ಆಟ ಮುಗಿಸಿ ಕಾಳು ಬಾಚುವಾಗ ಅಜ್ಜಿ ಬಂದರು. ಅವರು ಹುಟ್ಟಿ ಬೆಳೆದದ್ದು ಬಳೇಪೇಟೆಯಲ್ಲಿ. ಇಷ್ಟು ದಿನ ಕವಡೆ ಹಾಳು ಮಾಡಬೇಡಿ ಅನ್ನುವುದನ್ನು ಬಿಟ್ಟು ಏನೂ ಹೇಳಿರಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು, "ಇದು ಪೇಟೆ ತಾನೆ? ಇಲ್ಲಿ ಯಾರನ್ನೂ ಇಟ್ಟೇ ಇಲ್ಲವಲ್ಲೋ. ಪೇಟೆಯೋರು ಎಲ್ಲಿ?"

"ಅಜ್ಜಿ, ಅವರು ಯುದ್ಧ ಮಾಡೋರಲ್ಲ, ಅದಕ್ಕೆ ಕಾಯಿ ಇಲ್ಲ" ಅಂದೆ.

"ಮತ್ತೆ ಈ ಐದು ಕಡ್ಡಿ ಯಾರದು?"

ಬಾಯಿ ಮುಚ್ಚಿಕೊಂಡೆ. ಆ ಐದು ಕಡ್ಡಿ ಇಲ್ಲದಿದ್ದರೆ ಬ್ರಿಟಿಷರ ಮೇವು ಮಾರ್ಚ್ 18ಕ್ಕೇ ಮುಗಿಯುತ್ತಿತ್ತು. ಇಡೀ ಆಟ ನಿಂತಿದ್ದದ್ದೇ ಆ ಐದು ಕಡ್ಡಿಯ ಮೇಲೆ. ಅದು ಪೇಟೆಯ ಜನ ತಮ್ಮ ಹಸುವಿಗೆಂದು ಕೂಡಿಟ್ಟ ಹುಲ್ಲು, ತಮ್ಮ ಅಂಗಡಿಯ ಕಾಳು. ಅವರ ಬೀದಿಯಲ್ಲೇ ಎರಡು ಸೈನ್ಯ ಹೊಡೆದಾಡಿ, ಅವರ ಮನೆಯೇ ಲೂಟಿಯಾಗಿ, ಅವರ ಹುಲ್ಲು ತಿಂದ ಎತ್ತುಗಳೇ ಕೋಟೆಗೆ ಗುರಿಯಿಟ್ಟ ತೋಪು ಎಳೆದವು. ನನ್ನ ನಿಯಮದ ಹಾಳೆಯಲ್ಲಿ ಅದು "ಪೇಟೆ: +5" ಅಂತ ಇತ್ತು. ಎಂಟು ಅಕ್ಷರವೂ ಇಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮಂಡ್ಯದ ಗೆಳೆಯ ಹೊರಡುವಾಗ ಹೇಳಿದ ಮಾತಿನಿಂದ ಲೆಕ್ಕ ಮತ್ತೆ ತಿರುಗಿತು. "ನಿಮ್ಮ ಏರಿಯಾ ಅರೆಕೆರೆ. ನಮ್ಮ ಶ್ರೀರಂಗಪಟ್ಟಣದ ಹತ್ರಾನೂ ಒಂದು ಅರಕೆರೆ ಐತೆ ಕಣ್ರೀ. ಅಲ್ಲೂ ಇದೇ ಕಾರ್ನ್‌ವಾಲಿಸ್ ಬಂದಿದ್ದ" ಅಂದ.

ಹೌದು, ಬಂದಿದ್ದ. ಬೆಂಗಳೂರು ಹಿಡಿದ ಮೇಲೆ ಕಾರ್ನ್‌ವಾಲಿಸ್ ಉತ್ತರಕ್ಕೆ ಹೋಗಿ ನಿಜಾಮನ ಸವಾರರನ್ನು ಕೂಡಿಕೊಂಡು ಬಂದ. ಮೇ ಮೊದಲ ವಾರ ರಾಜಧಾನಿಯ ಕಡೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಮೇವು ನೀರು ಏನೂ ಸಿಗದ ಹಾಗೆ ಮಾಡಿಟ್ಟಿದ್ದ. ಹಾಗಾಗಿ ಕಾನಕಾನಹಳ್ಳಿ, ಅಂದರೆ ನಮ್ಮ ಕನಕಪುರದ ದಾರಿ ಹಿಡಿದ. ಮೇ 13ಕ್ಕೆ ಕಾವೇರಿ ದಡದ ಅರಕೆರೆ. ಮೇ 15ರಂದು ಅಲ್ಲಿ ಯುದ್ಧ, ಬ್ರಿಟಿಷರೇ ಗೆದ್ದರು. ಗೆದ್ದು ಏನು ಮಾಡಿದರು? ಮಳೆ ಹಿಡಿಯಿತು. ಎತ್ತುಗಳು ಸಾಲುಸಾಲಾಗಿ ಸತ್ತವು. ಅಕ್ಕಿ ಇಲ್ಲ. ಬೆಂಗಳೂರಿನಿಂದ ಎಳೆದು ತಂದ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಹತ್ತಿರ ಮೇ 22ರಂದು ತಾವೇ ಒಡೆದುಹಾಕಿ, 26ರಂದು ವಾಪಸ್ಸು ಹೊರಟರು. ಶ್ರೀರಂಗಪಟ್ಟಣದ ಗೋಡೆಗೆ ಒಂದು ಏಟೂ ಬೀಳಲಿಲ್ಲ.

ಬೆಂಕಿಕಡ್ಡಿ ಕೊನೆಗೂ ಮುಗಿದಿತ್ತು, ನಮ್ಮ ನಕ್ಷೆಯ ಹೊರಗೆ.

ಕಾರ್ನ್‌ವಾಲಿಸ್ ಕಲಿತ ಪಾಠವೂ ಅದೇ. ಮುಂದಿನ ಎಂಟು ತಿಂಗಳು ಅವನು ಮೊದಲು ಬೇಲಿ ಕಿತ್ತ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್ 21ಕ್ಕೆ ಸಾವನದುರ್ಗ. ಕಾಳು ಹೊರಲು ಲಂಬಾಣಿಗರ ಎತ್ತಿನ ಸಾಲುಗಳನ್ನು ಗೊತ್ತುಮಾಡಿಕೊಂಡ. 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದ. ಆಗ ಟಿಪ್ಪು ಒಪ್ಪಂದಕ್ಕೆ ಬರಲೇಬೇಕಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು.

ಹಾಗಾದರೆ ಬಹಾದೂರ್ ಖಾನ್ ಸೋತನೋ ಗೆದ್ದನೋ? ಕೋಟೆ ಉಳಿಯುವುದೇ ಗೆಲುವು ಅಂದರೆ ಸೋತ. ಆದರೆ ಗಡಿಯ ಕೋಟೆಯ ಕೆಲಸ ಉಳಿಯುವುದೊಂದೇ ಅಲ್ಲ, ಬೀಳಲು ತಡ ಮಾಡುವುದೂ ಹೌದು. ಹೊಸಕೋಟೆ, ಕೋಲಾರದ ಹಾಗೆ ಬೆಂಗಳೂರೂ ಒಂದೇ ದಿನದಲ್ಲಿ ಬಾಗಿಲು ತೆರೆದಿದ್ದರೆ, ಆ ಹದಿನೇಳು ದಿನದಲ್ಲಿ ಸತ್ತ ದನಗಳು ಬದುಕಿದ್ದರೆ, ಮಳೆ ಬರುವ ಮೊದಲೇ ಕಾರ್ನ್‌ವಾಲಿಸ್ ಕಾವೇರಿ ದಡದಲ್ಲಿ ಇರುತ್ತಿದ್ದನೇನೋ. ಹದಿನೇಳು ದಿನವೇ ಎಲ್ಲವನ್ನೂ ಮಾಡಿತು ಅಂತ ನಾನು ಹೇಳುತ್ತಿಲ್ಲ. ಆದರೆ ಎಂಟು ತಿಂಗಳ ಬಿಡುವಿನ ಲೆಕ್ಕದಲ್ಲಿ ಅವಕ್ಕೂ ಒಂದು ಪಾಲಿದೆ. ಆ ಪಾಲು ಬಿಳಿ ಗಡ್ಡದ ಮುದುಕನದು, ಅವನ ಜೊತೆ ಸತ್ತ ಹೆಸರಿಲ್ಲದವರದು, ಕೇಳದೆಯೇ ಐದು ಕಡ್ಡಿ ಕಿತ್ತುಕೊಳ್ಳಲ್ಪಟ್ಟ ಪೇಟೆಯವರದು.

ಹೋದ ಭಾನುವಾರ ಭಾವನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಮಾರ್ಕೆಟ್ ಕಡೆ ಹೋಗಿದ್ದೆ. ಕೋಟೆಯ ಬಹುಪಾಲು ಹೋಗಿದೆ, ಮೈಸೂರು ದರವಾಜೆಯೂ ಇಲ್ಲ. ದಿಲ್ಲಿ ದರವಾಜೆಯ ತುಂಡು ಮಾತ್ರ ಉಳಿದಿದೆ, ಒಳಗೆ ಪುಟ್ಟ ಗಣಪತಿ ಗುಡಿ. ಹೊರಗೋಡೆಯ ಮೇಲೆ ಇಂಗ್ಲಿಷಿನ ಒಂದು ಕಲ್ಲು, ಬ್ರಿಟಿಷರ ದಾಳಿ ಇದೇ ಕಂಡಿಯ ಮೂಲಕ 1791ರ ಮಾರ್ಚ್ 21ರಂದು ನಡೆಯಿತು ಎನ್ನುತ್ತದೆ. ಈ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳಿಗೆ ಕಾರ್ಪೊರೇಷನ್ ಹತ್ತಿರ ಒಂದು ಸ್ಮಾರಕವೂ ಇತ್ತು. ನೃಪತುಂಗ ರಸ್ತೆಗೆ ಆಗ ಅದರದೇ ಹೆಸರು, ಸೆನೋಟಾಫ್ ರಸ್ತೆ. 1964ರಲ್ಲಿ ಅದನ್ನು ಕೆಡವಿದರು. ಏರಿದವರ ಕಲ್ಲು ಇದೆ. ಒಳಗೆ ನಿಂತಿದ್ದವನ ಹೆಸರು ಆ ಕಲ್ಲಿನ ಮೇಲೆ ಇಲ್ಲ. ಅವನ ದೇಹವನ್ನು ಒಪ್ಪಿಸಲು ಕಾರ್ನ್‌ವಾಲಿಸ್ ಮುಂದಾದಾಗ, ಬೆಂಗಳೂರಿನಲ್ಲೇ ಮುಸಲ್ಮಾನರ ಕೈಯಿಂದ ಮಣ್ಣು ಮಾಡಿಸಿ ಎಂದು ಟಿಪ್ಪು ಹೇಳಿಕಳಿಸಿದನೆಂದು ಬ್ರಿಟಿಷರೇ ಬರೆದಿದ್ದಾರೆ.

ಐದನೇ ಆಟ ಮುಂದಿನ ಭಾನುವಾರ. ಈ ಸಲ ನಕ್ಷೆ ಅರಕೆರೆಯವರೆಗೂ ಇದೆ, ಮೇಜು ಸಾಲದೆ ನೆಲಕ್ಕೆ ಇಳಿದಿದೆ, ಹಾಗಾಗಿ ಅಮ್ಮನಿಗೆ ಊಟದ ಮೇಜು ವಾಪಸ್ಸು ಸಿಕ್ಕಿದೆ :) ಪೇಟೆಯಲ್ಲಿ ಅಜ್ಜಿ ತಾವೇ ಒಂದು ಹಿಡಿ ಅವರೆಕಾಳು ಇಟ್ಟಿದ್ದಾರೆ. ಅವಕ್ಕೆ ಏನು ನಿಯಮ ಮಾಡಬೇಕು ಅಂತ ಭಾವನಿಗೂ ನನಗೂ ಇನ್ನೂ ತೀರ್ಮಾನವಾಗಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ.